ಬೆಲ್ಟಿಗೆ ಸೋಪು ಉಜ್ಜುವುದನ್ನು ಮೊದಲು ನಿಲ್ಲಿಸಿ

ಡೀಸೆಲ್ ಗಾಡಿ ಬಾನೆಟ್ ಒಳಗೆ ಡೈನಮೋ, ವಾಟರ್ ಪಂಪುಗಳನ್ನು ತಿರುಗಿಸುವ ಬೆಲ್ಟ್ ಕುಯ್ಯೋ ಅಂದರೆ ಸಾಕು, ಎಷ್ಟೋ ಗ್ಯಾರೇಜುಗಳಲ್ಲಿ ಕೈ ನೇರ ಸೋಪಿನ ತುಂಡಿಗೋ ಸ್ಪ್ರೇ ಡಬ್ಬಿಗೋ ಹೋಗುತ್ತದೆ. ಸದ್ದು ನಿಂತಿತು, ದುಡ್ಡು ಕೊಡಿ. ಎರಡು ದಿನಕ್ಕೆ ಮತ್ತೆ ಅದೇ ಸದ್ದು. ಈ ಸಲ ಬೋಲ್ಟ್ ಎಳೆದು ಬೆಲ್ಟನ್ನು ತಂತಿಯ ಹಾಗೆ ಬಿಗಿದು ಕಳಿಸುತ್ತಾರೆ. ಆಮೇಲೆ ವಾಟರ್ ಪಂಪಿನ ಬೇರಿಂಗ್ ಸವೆದು, ಸೀಲ್ ಹೋಗಿ, ಕೂಲೆಂಟ್ ಸೋರಿ ಎಂಜಿನ್ ಕಾದರೆ ಆ ಖರ್ಚೂ ಗಾಡಿಯವನ ತಲೆಗೇ. ಇದಕ್ಕೆ ರಿಪೇರಿ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಸದ್ದನ್ನು ಒಂದು ನಿಮಿಷ ನಿಂತು ಕೇಳಿ. ಐಡಲಿಂಗಿನಲ್ಲಿ ಹಲ್ಲಿ ಲೊಚಗುಟ್ಟಿದಂತೆ ಬಿಟ್ಟು ಬಿಟ್ಟು ಬಂದರೆ ಸಾಮಾನ್ಯವಾಗಿ ಪುಲ್ಲಿಗಳು, ಅಂದರೆ ಬೆಲ್ಟ್ ಸುತ್ತುವ ಗಾಲಿಗಳು, ಒಂದೇ ಸಾಲಿನಲ್ಲಿಲ್ಲ. ರೇಸ್ ಕೊಟ್ಟಾಗ, ಎಸಿ ಹಾಕಿದಾಗ ಉದ್ದಕ್ಕೆ ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಿ ಆಮೇಲೆ ಸುಮ್ಮನಾಗುವುದೂ ಜಾರುವುದೇ. ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ಮತ್ತು ಸ್ಟಾರ್ಟರ್ ಬ್ಯಾಟರಿಯಿಂದ ಎಳೆದುಕೊಂಡದ್ದನ್ನು ತುಂಬಿಸಲು ಡೈನಮೋ ಆಗ ಪೂರ್ತಿ ಭಾರ ಹೊತ್ತಿರುತ್ತದೆ. ಬರೀ ಗರಗರ ಅಂದರೆ ಬೇರಿಂಗ್ ನೋಡಿ.

ಅನುಮಾನ ಇದ್ದರೆ ಬಾಟಲಿಯಲ್ಲಿ ನೀರು ಸಾಕು. ಎಂಜಿನ್ ಐಡಲಿಂಗಿನಲ್ಲಿರಲಿ, ಕೈ, ಬಟ್ಟೆ ದೂರ ಇರಲಿ, ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ಚಿಮುಕಿಸಿ. ಸದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಬಂದರೆ ಪುಲ್ಲಿ ಸಾಲು ತಪ್ಪಿದೆ. ಇನ್ನೂ ಜೋರಾದರೆ ಬಿಗಿ ಸಾಲದು. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇದನ್ನು ಮಾಡದೆ ಎಣ್ಣೆ ಅಂಶದ ಸ್ಪ್ರೇ ಹೊಡೆಯುತ್ತಾರಲ್ಲ, ಈಗಿನ ಬೆಲ್ಟುಗಳ ಇಪಿಡಿಎಂ ಎಂಬ ಕೃತಕ ರಬ್ಬರಿಗೆ ಖನಿಜ ಎಣ್ಣೆ ಆಗಿಬರುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಅಂಟಿದ ಜಿಡ್ಡಿಗೆ ರಸ್ತೆಯ ಕೆಂಪು ಧೂಳು ಮೆತ್ತಿ ಪುಲ್ಲಿಯನ್ನೂ ತಿನ್ನುತ್ತದೆ.

"ಬೆಲ್ಟಲ್ಲಿ ಬಿರುಕೇ ಇಲ್ಲ, ಚೆನ್ನಾಗಿದೆ" ಅನ್ನುವ ಮಾತಂತೂ ಕೇಳಲಾಗದು. ಬಿರುಕು ನೋಡುವುದು ಹಳೇ ನಿಯೋಪ್ರೀನ್ ರಬ್ಬರಿನ ಬೆಲ್ಟಿನ ಲೆಕ್ಕ. ಇಪಿಡಿಎಂ ಬೆಲ್ಟ್ ಬಿರುಕು ಬಿಡದೆಯೇ ಟೈರಿನ ಹಾಗೆ ಸವೆಯುತ್ತದೆ, ಗೀರಿನ ಸಂದು ಅಗಲವಾಗಿ ಹಿಡಿತ ತಪ್ಪುತ್ತದೆ. ಟ್ರ್ಯಾಕ್ಟರು, ಹಳೇ ಗಾಡಿಗಳ ವಿ ಆಕಾರದ ಬೆಲ್ಟಾದರೆ ಪುಲ್ಲಿಯ ಗೀರಿನ ತಳ ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಪಕ್ಕಕ್ಕೆ ಕಚ್ಚುವುದು ಬಿಟ್ಟು ತಳಕ್ಕೆ ಕೂತಿದೆ, ಎಷ್ಟು ಬಿಗಿದರೂ ದಂಡ. ಹೊಸದನ್ನು ಹಾಕಿ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ತಗ್ಗಬೇಕು; ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಆಮೇಲೂ ಸದ್ದು ಹೋಗದಿದ್ದರೆ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಎಂಜಿನ್ ಓಡಿಸಿ. ವಾಟರ್ ಪಂಪ್ ತಿರುಗುತ್ತಿರುವುದಿಲ್ಲ, ಅದಕ್ಕೇ ಅಷ್ಟೇ ಹೊತ್ತು. ಗಾಡಿಯನ್ನು ಮಾತ್ರ ಕದಲಿಸಬೇಡಿ: ಕೆಲವು ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಡೈನಮೋ ಹಿಂದೆಯೇ ಇರುತ್ತದೆ, ಅದೂ ನಿಂತು ಬ್ರೇಕ್ ಕಲ್ಲಾಗುತ್ತದೆ. ಸದ್ದು ಹಾಗೇ ಇದ್ದರೆ ತಪ್ಪು ಬೆಲ್ಟಿನದಲ್ಲ. ಸದ್ದು ನಿಂತರೆ ಎಂಜಿನ್ ಆಫ್ ಮಾಡಿ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ.

ಡೀಸೆಲ್‌ನಲ್ಲಿ ಹೆಚ್ಚು ಜನ ಎಡವುವುದು ಡೈನಮೋ ಪುಲ್ಲಿಯಲ್ಲಿ. ಪ್ರತಿ ಸಿಲಿಂಡರ್ ಹೊತ್ತಿದಾಗಲೂ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಜಗ್ಗಿ ಜಗ್ಗಿ ತಿರುಗುತ್ತದೆ. ಡೈನಮೋ ಒಳಗೆ ತಿರುಗುವ ಭಾರದ ರೋಟರ್ ಅಷ್ಟು ಬೇಗ ನಿಧಾನವಾಗಲಾರದು. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಒಂದೇ ಕಡೆ ಹಿಡಿಯುವ ಕ್ಲಚ್ ಪುಲ್ಲಿ ಇರುತ್ತದೆ. ಬೆಲ್ಟ್ ತೆಗೆದು ಅದನ್ನು ತಿರುಗಿಸಿದರೆ ಒಂದು ಕಡೆಗೆ ರೋಟರನ್ನು ಎಳೆದುಕೊಂಡು ಹೋಗಬೇಕು, ಇನ್ನೊಂದು ಕಡೆಗೆ ರೋಟರ್ ಬಿಟ್ಟು ತಾನೇ ತಿರುಗಬೇಕು. ಎರಡೂ ಕಡೆ ಹಿಡಿದರೆ ಕ್ಲಚ್ ಸತ್ತಿದೆ. ಅಂಥ ಗಾಡಿಯಲ್ಲಿ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ತೋಳು ಐಡಲಿಂಗಿನಲ್ಲಿ ಕಣ್ಣಿಗೆ ಕಾಣುವಷ್ಟು ನಡುಗುತ್ತಿರುತ್ತದೆ. ಬಗ್ಗಿ ನೋಡುವುದಕ್ಕೂ ಆಗದೆ ಬೆಲ್ಟ್ ಮೇಲೆ ಬೆಲ್ಟ್ ಹಾಕಿಸಿ ಬಿಲ್ ಬರೆಯುತ್ತೀರಲ್ಲ!

ಕೊನೆಗೆ ಕ್ರ್ಯಾಂಕ್ ಪುಲ್ಲಿ. ನಡುವೆ ರಬ್ಬರ್ ಇರುವಂಥದ್ದಾದರೆ ಒಳಗಿನ ಹಬ್‌ನಿಂದ ಹೊರಗಿನ ಬಳೆಯವರೆಗೆ ಒಂದು ನೇರ ಗೆರೆ ಬಣ್ಣದಲ್ಲಿ ಎಳೆದು ಗಾಡಿ ಓಡಿಸಿ ಬನ್ನಿ. ಗೆರೆ ಮುರಿದು ಎರಡು ಕಡೆ ಕೂತಿದ್ದರೆ ರಬ್ಬರ್ ಬಿಟ್ಟಿದೆ, ಪುಲ್ಲಿಯನ್ನೇ ಬದಲಿಸಬೇಕು.