ಹಳೇಬೀಡಿನ ಮಕರ ಅಳಿದುಹೋದ ಜೀವಿಯಲ್ಲ: ಒಂದು ಸ್ಪಷ್ಟನೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿರುವ ವಿಚಿತ್ರ ಪ್ರಾಣಿಯೊಂದರ ಚಿತ್ರವನ್ನು ಹಂಚುತ್ತ, 12ನೇ ಶತಮಾನದ ಶಿಲ್ಪಿಗಳು ಡೈನೋಸಾರನ್ನು ಕಣ್ಣಾರೆ ಕಂಡಿದ್ದರೆಂದು ಹೇಳಲಾಗುತ್ತಿದೆ. ಇದು ತಪ್ಪು. ಚಿತ್ರದಲ್ಲಿರುವುದು ಮಕರ, ಗಂಗೆಗೂ ವರುಣನಿಗೂ ವಾಹನವಾದ, ಮನ್ಮಥನ ಧ್ವಜದಲ್ಲಿ ಕಾಣಿಸುವ ಕಲ್ಪಿತ ಜಲಚರ.

ಗೋಡೆಯ ಬುಡದಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು ಎಂದು ಸಾಲುಗಳನ್ನು ಎಣಿಸುತ್ತ ಮೇಲೇರಿದರೆ, ಹಂಸಗಳ ಸಾಲಿನ ಕೆಳಗೇ ಮಕರಗಳು ಸಿಗುತ್ತವೆ. ಹತ್ತಿರ ನಿಂತು ನೋಡಿದವರಿಗೆ ಮೊಸಳೆಯಂತೆ ಅಗಲಿಸಿದ ಬಾಯಿ, ಆನೆಯ ಸೊಂಡಿಲನ್ನು ನೆನಪಿಸುವಂತೆ ಮೇಲಕ್ಕೆ ಸುರುಳಿಗೊಂಡ ಮೂತಿ, ಬಾಲವಿರಬೇಕಾದಲ್ಲಿ ಸುರುಳಿಸುರುಳಿಯಾಗಿ ಹಬ್ಬಿದ ಎಲೆಬಳ್ಳಿಯಂಥ ಕುಸುರಿ ಕಾಣುತ್ತವೆ. ಎಲೆಬಿಡುವ ಬಾಲದ ಪ್ರಾಣಿ ಯಾವ ಯುಗದಲ್ಲೂ ಬದುಕಿರಲಿಲ್ಲ. ಅಲ್ಲದೆ, ಹಕ್ಕಿಗಳನ್ನು ಬಿಟ್ಟರೆ, ಡೈನೋಸಾರುಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾಗಿವೆ.

ನಯವಾದ ಬಳಪದ ಕಲ್ಲು ಕೈಗೆ ಸಿಕ್ಕಾಗ ಶಿಲ್ಪಿ ಪ್ರಾಣಿಶಾಸ್ತ್ರವನ್ನು ಮರೆತು ಆಟವಾಡಿದ್ದಾನೆ, ನಮ್ಮ ಕಣ್ಣಿಗೆ ಅದೇ ಹಬ್ಬ. ಈ ಮಕರ ಗೋಡೆಗಷ್ಟೇ ಸೀಮಿತವೂ ಅಲ್ಲ: ಬಾಗಿಲ ಮೇಲಿನ ಮಕರತೋರಣದಲ್ಲಿ, ದೇವರ ಕಿವಿಯ ಮಕರಕುಂಡಲದಲ್ಲಿ, ಪಂಚಾಂಗದ ಮಕರ ರಾಶಿಯಲ್ಲಿ ನಾವು ದಿನವೂ ಹೆಸರಿಸುವುದು ಇದನ್ನೇ.