ಪಂಜಾ ಹೊತ್ತವನನ್ನು ಯಾರೂ ಕೇಳುವುದಿಲ್ಲ

ಮೊಹರಂ ಹತ್ತಿರ ಬಂತೆಂದರೆ ಫೇಸ್‌ಬುಕ್ ತೆರೆದ ಕೂಡಲೇ ಒಂದೇ ಬಗೆಯ ಫೋಟೊ ಹತ್ತು ಕಡೆಯಿಂದ ಕಣ್ಣಿಗೆ ಬೀಳುತ್ತದೆ. ಹಣೆಗೆ ವಿಭೂತಿ ಹಚ್ಚಿದವನೊಬ್ಬ ಪಂಜಾ (ಮೊಹರಮ್ಮಿನಲ್ಲಿ ದೇವರೆಂದು ಕೂರಿಸುವ ಲೋಹದ ಹಸ್ತ) ಹೊತ್ತಿದ್ದಾನೆ, ಪಕ್ಕದಲ್ಲಿ ಟೋಪಿ ಹಾಕಿದ ಮುದುಕ ನವಿಲುಗರಿ ಹಿಡಿದಿದ್ದಾನೆ. ‘ಇದೇ ನಮ್ಮ ಉತ್ತರ ಕರ್ನಾಟಕ’ ಎಂಬ ಒಕ್ಕಣೆ. ಅದರ ಕೆಳಗೆ ಜಗಳ. ಒಬ್ಬರು ‘ಅವರ ಹಬ್ಬದಲ್ಲಿ ನಮಗೇನು ಕೆಲಸ’ ಎನ್ನುತ್ತಾರೆ. ಇನ್ನೊಬ್ಬರು ‘ಇದು ಇಸ್ಲಾಮೇ ಅಲ್ಲ, ಶಿರ್ಕ್’, ಅಂದರೆ ಅಲ್ಲಾಹನಿಗೆ ಇನ್ನೊಬ್ಬರನ್ನು ಸರಿಗಟ್ಟುವ ಪಾಪ, ಎನ್ನುತ್ತಾರೆ. ಮೂರನೆಯವರು ‘ಎಲ್ಲ ಧರ್ಮಗಳ ಸಾರ ಒಂದೇ’ ಎಂದು ಬರೆದು, ಎರಡು ಕೈ ಮುಗಿದ ಚಿತ್ರ ಹಾಕಿ ಎದ್ದು ಹೋಗುತ್ತಾರೆ. ಪಂಜಾ ಹೊತ್ತವನು ಏನನ್ನು ನಂಬಿ ಹೊತ್ತಿದ್ದಾನೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಈ ಮೂವರಲ್ಲಿ ನನಗೆ ಹೆಚ್ಚು ಸಿಟ್ಟು ಬರುವುದು ಮೂರನೆಯವರ ಮೇಲೆ. ಮೊದಲಿನ ಇಬ್ಬರಿಗೆ ಅಲ್ಲೇನೋ ನಡೆಯುತ್ತಿದೆ, ಅದು ತಮಗೆ ಸೇರುತ್ತಿಲ್ಲ ಎಂಬಷ್ಟಾದರೂ ಗೊತ್ತು. ಮೂರನೆಯವರಿಗೆ ಅಷ್ಟೂ ಬೇಡ. ‘ಎಲ್ಲ ಒಂದೇ’ ಎಂದ ಮೇಲೆ ಕೇಳಲು ಉಳಿಯುವುದಾದರೂ ಏನು?

ನಮ್ಮದು ವಾರಕರಿಗಳ, ಅಂದರೆ ಪಂಢರಪುರದ ಪಾಂಡುರಂಗನ ಭಕ್ತರ ಮನೆ. ಅಜ್ಜಿಯ ಕೊರಳಲ್ಲಿ ತುಳಸಿ ಮಾಲೆ ಇತ್ತು. ಆಷಾಢಕ್ಕೆ ಪಂಢರಪುರದ ದಿಂಡಿ ಹೊರಟರೆ ಊರ ಅಗಸಿಯವರೆಗಾದರೂ ಹೋಗಿ ಬರುವ ಹೆಂಗಸು. ಅದೇ ಅಜ್ಜಿ ಮೊಹರಮ್ಮಿನ ಚಂದ್ರ ಕಂಡು ಮಸೀದಿಯ ಮುಂದೆ ಬೆಂಕಿ ಹಾಕಲು ತೋಡುವ ಅಲಾಯಿ ಕುಣಿಗೆ ಗುದ್ದಲಿ ಬಿದ್ದ ದಿನದಿಂದ ಚಪ್ಪಲಿ ಹಾಕುತ್ತಿರಲಿಲ್ಲ. ನಾನು ಹುಟ್ಟುವ ಮೊದಲು ಹರಕೆ ಹೊತ್ತಿದ್ದಳಂತೆ. ಅದರ ಫಲವಾಗಿ ಚಿಕ್ಕವನಿದ್ದಾಗ ನನ್ನನ್ನು ಫಕೀರ ಮಾಡಿದ್ದರು. ಕೊರಳಿಗೆ ಕೆಂಪು ಲಾಡಿ, ಕೈಯಲ್ಲಿ ಜೋಳಿಗೆ, ಐದು ಮನೆಯ ಭಿಕ್ಷೆ. ಕತಲ್ ರಾತ್ರಿಯ ದಿನ (ಮೊಹರಮ್ಮಿನ ಕೊನೆಯ ದಿನದ ಹಿಂದಿನ ರಾತ್ರಿ) ಕುಣಿಯಲ್ಲಿ ಕಟ್ಟಿಗೆ ಉರಿಯುತ್ತಿದ್ದರೆ ಸುತ್ತಲೂ ಹೆಜ್ಜೆ ಹಾಕುವವರು, ಉಪ್ಪು ಎಸೆಯುವವರು, ಮಸೀದಿಯ ಕಟ್ಟೆಯ ಮೇಲೆ ಕುಳಿತು ಕರ್ಬಲಾ ಕಾಳಗದ ಕಥೆ ಹೇಳುವ ರಿವಾಯತ್ ಪದ ಹಾಡುವವರು. ಹಾಡುವವರಲ್ಲಿ ಹೆಚ್ಚಿನವರು ಕುರುಬರು, ಲಿಂಗಾಯತರು, ದಲಿತರು. ಮದುವೆಯ ಚಪ್ಪರದಿಂದಲೇ ಕಾಳಗಕ್ಕೆ ಹೋದ ಖಾಸೀಮನ ಪದ ಬಂದರೆ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕರ್ಬಲಾ ಇರುವುದು ಇರಾಕಿನಲ್ಲಿ, ಅಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಹತರಾದದ್ದು ಕ್ರಿ.ಶ. 680ರಲ್ಲಿ ಎಂಬುದೆಲ್ಲ ಅವಳಿಗೆ ಗೊತ್ತಿರಲಿಲ್ಲ. ನೀರಿಲ್ಲದೆ ಸತ್ತರು ಎಂಬುದು ಗೊತ್ತಿತ್ತು. ಆ ದಿನ ಬಾಗಿಲಿಗೆ ಬಂದ ಯಾರನ್ನೂ ಶರಬತ್ತು ಕುಡಿಸದೆ ಕಳಿಸುತ್ತಿರಲಿಲ್ಲ.

ಕಾಲೇಜಿಗೆ ಹೋಗುತ್ತಿದ್ದಾಗ ಜಾಣತನ ತೋರಿಸಲು ಒಮ್ಮೆ ಕೇಳಿದ್ದೆ: ‘ಅಜ್ಜಿ, ಪಾಂಡುರಂಗ, ಹುಸೇನ್ ಇಬ್ಬರೂ ಒಂದೇ ಅಲ್ಲವೇ?’ ನಕ್ಕಳು. ‘ಒಂದೇ ಹೇಗಾಗುತ್ತಾರೆ? ಇವರು ಸತ್ತವರು, ಅದಕ್ಕೇ ಅಳುತ್ತೇವೆ. ಅವನಿಗೆ ಸಾವೆಲ್ಲಿ?’ ಅಷ್ಟು ಹೇಳಿ, ಪಂಜಾದ ಮುಂದೆ ಪ್ರಾರ್ಥನೆ ಓದಿಸಲು ಕಟ್ಟಿಟ್ಟ ಸಕ್ಕರೆ ಪುಡಿಕೆ ತೆಗೆದುಕೊಂಡು ಹೊರಟಳು. ಸೌಹಾರ್ದದ ಬಗ್ಗೆ ಆ ಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಅಷ್ಟು ನಿಖರವಾಗಿ ಮಾತನಾಡಿದವರು ಸಿಕ್ಕಿಲ್ಲ.

ಈ ಪ್ರಸಂಗವನ್ನು ನನ್ನ ಸಹೋದ್ಯೋಗಿ ಗೆಳೆಯನಿಗೆ ಹೇಳಿದಾಗ ಅವನು ಚಹಾ ಕಪ್ಪು ಕೆಳಗಿಟ್ಟು ಹೇಳಿದ್ದು: ‘ಅಜ್ಜಿಗೆ ಅರ್ಧ ಸರಿಯಾಗಿಯೇ ತಿಳಿದಿತ್ತು. ಸತ್ತವರನ್ನು ಬೇಡಬಾರದು ಎಂದೇ ನಾವೂ ಹೇಳುವುದು.’ ಅವನು ಐದು ಹೊತ್ತು ನಮಾಜು ಮಾಡುವವನು. ಅಲಾಯಿ ಕುಣಿಯ ಹತ್ತಿರ ಸುಳಿಯುವುದಿಲ್ಲ. ಪಂಜಾ, ಡೋಲಿ, ಹುಲಿವೇಷ ಯಾವುದೂ ಅವನ ಲೆಕ್ಕದಲ್ಲಿ ಧರ್ಮವಲ್ಲ. ಮೊಹರಂ ಒಂಬತ್ತು, ಹತ್ತನೆಯ ದಿನ ರೋಜಾ ಇರುತ್ತಾನೆ. ಆ ಉಪವಾಸಕ್ಕೆ ಕರ್ಬಲಾ ಕಾರಣವಲ್ಲ ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಫರೋಹನ ಕೈಯಿಂದ ಪ್ರವಾದಿ ಮೂಸಾ ಮತ್ತು ಅವರ ಜನ ಪಾರಾದ ದಿನ ಅದು, ಕರ್ಬಲಾ ನಡೆದದ್ದು ಎಷ್ಟೋ ವರ್ಷಗಳ ನಂತರ ಅದೇ ತಾರೀಖಿನಂದು ಎಂದು ವಿವರಿಸಿದ. ಹಾಗಾಗಿ ನಮ್ಮ ಊರಿನಲ್ಲಿ ಮೊಹರಂ ಮಾಡುವವನು ನಾನು, ಮಾಡದವನು ಅವನು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲದೆ ಮೊಹರಂ ನಡೆಯುತ್ತದೆ ಎಂದು ಪತ್ರಿಕೆಗಳಲ್ಲಿ ಬಂದಾಗ ಬಹಳ ಜನ ಬೆರಗಾದರು. ನಮ್ಮ ಕಡೆಯವರಿಗೆ ಅದರಲ್ಲಿ ಬೆರಗಾಗುವಂಥದ್ದೇನೂ ಕಾಣಲಿಲ್ಲ.

ಅವನು ಬರುವುದಿಲ್ಲ ಎಂಬುದಕ್ಕೆ ನನಗೆ ಬೇಸರವಿಲ್ಲ. ಆದರೆ ಫೋಟೊ ಹಾಕುವವರಿಗೆ ಅವನು ಬೇಡ. ಪಂಜಾ ಹೊತ್ತ ಹಿಂದೂ ಬೇಕು, ಗಣಪತಿಗೆ ಹಾರ ಹಾಕುವ ಮುಸ್ಲಿಂ ಬೇಕು. ತನ್ನ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಬ್ಬರ ಪೂಜೆಯಲ್ಲಿ ಪಾಲ್ಗೊಳ್ಳದೆ, ಹಾಗೆಂದು ಯಾರ ತಂಟೆಗೂ ಹೋಗದೆ ಬದುಕುವವನಿಗೆ ಸೌಹಾರ್ದದ ವೇದಿಕೆಯಲ್ಲಿ ಕುರ್ಚಿ ಇಲ್ಲ. (ಶಿಶುನಾಳ ಶರೀಫರನ್ನು ಇಲ್ಲಿ ಎಳೆದು ತರುವುದಿಲ್ಲ. ಅವರು ಈಗಾಗಲೇ ಸಾಕಷ್ಟು ವೇದಿಕೆ ಹತ್ತಿ ದಣಿದಿದ್ದಾರೆ.)

2024ರ ಜುಲೈ 17ರಂದು ಒಂದು ಮೋಜು ನಡೆಯಿತು. ಆಷಾಢ ಏಕಾದಶಿ, ಮೊಹರಂ ಹತ್ತು ಎರಡೂ ಅದೇ ದಿನ. 2025ರಲ್ಲಿ ಮತ್ತೆ ಹಾಗೆಯೇ, ಜುಲೈ 6ಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಇದನ್ನು ದೈವಸಂಕೇತ ಎಂದು ಹಂಚಿಕೊಂಡವರಿದ್ದರು. ಸಂಕೇತವೂ ಇಲ್ಲ, ಮಣ್ಣೂ ಇಲ್ಲ. ಇಬ್ಬರೂ ನೋಡುವುದು ಅದೇ ಚಂದ್ರನನ್ನು. ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಅವರ ತಿಂಗಳು ಶುರುವಾಗುವುದರಿಂದ ಅವರ ಹತ್ತನೆಯ ತಾರೀಖು ಯಾವ ತಿಂಗಳಾದರೂ ನಮ್ಮ ಶುಕ್ಲ ಏಕಾದಶಿಯ ಆಸುಪಾಸಿನಲ್ಲೇ ಬೀಳಬೇಕು. ವ್ಯತ್ಯಾಸ ವರ್ಷದ ಲೆಕ್ಕದಲ್ಲಿದೆ. ಅವರದು 354 ಅಥವಾ 355 ದಿನಕ್ಕೆ ಮುಗಿಯುತ್ತದೆ, ನಾವು ಸುಮಾರು ಮೂವತ್ತೆರಡು–ಮೂವತ್ಮೂರು ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿ ಋತುಗಳ ಜೊತೆ ಸರಿದೂಗಿಸಿಕೊಳ್ಳುತ್ತೇವೆ. 2026ರಲ್ಲಿ ಅಧಿಕ ಜ್ಯೇಷ್ಠ ನಡುವೆ ಬರುವುದರಿಂದ ಮೊಹರಂ ಆಷಾಢವನ್ನು ಬಿಟ್ಟು ಜ್ಯೇಷ್ಠಕ್ಕೆ ಸರಿಯುತ್ತದೆ.

ಲೆಕ್ಕ ಹೇಗೇ ಇರಲಿ, ಮನೆಯಲ್ಲಿ ಪೇಚಾಟ ಶುರುವಾಗಿತ್ತು. ಅಜ್ಜಿಯ ಹರಕೆ ಈಗ ಅವ್ವನಿಗೆ ಬಂದಿದೆ. ದೇವರಿಗೆ ಚೊಂಗೆ ಮಾಡಬೇಕು. ಚೊಂಗೆ ಎಂದರೆ ಗೋಧಿ, ಬೆಲ್ಲ, ತುಪ್ಪ. ಏಕಾದಶಿಯಂದು ಗೋಧಿ ಮುಟ್ಟುವಂತಿಲ್ಲ. ಅವ್ವ ಚೊಂಗೆ ಮಾಡಿ, ಓದಿಸಿಕೊಂಡು ಬಂದು, ಬುಟ್ಟಿಯಲ್ಲಿ ಮುಚ್ಚಿಟ್ಟು, ಸಾಬೂದಾನಿ ಖಿಚಡಿ ತಿಂದಳು. ಚೊಂಗೆ ದ್ವಾದಶಿಯ ಬೆಳಿಗ್ಗೆ ಹಂಚಿಕೆಯಾಯಿತು. ಗೆಳೆಯನಿಗೆ ಇದನ್ನು ಹೇಳಿದೆ. ಅವನು ಆ ದಿನ ನೀರು ಕೂಡ ಕುಡಿದಿರಲಿಲ್ಲ. ‘ಖಿಚಡಿ, ಹಾಲು, ಬಾಳೆಹಣ್ಣು, ಶೇಂಗಾ ಉಂಡಿ ಇಷ್ಟೂ ತಿಂದು ಅದನ್ನು ಉಪವಾಸ ಎನ್ನುತ್ತೀರಲ್ಲ, ನಿಮ್ಮ ಪಾಂಡುರಂಗ ಬಹಳ ದಯಾಳು’ ಎಂದ. ಸಂಜೆ ಆರೂವರೆ ದಾಟುತ್ತಲೇ ನಿಮ್ಮ ಮುಖ ಗಡಿಯಾರ ನೋಡುವ ರೀತಿಗಿಂತ ಖಿಚಡಿ ಮೇಲು ಎಂದೆ. ನಮ್ಮಿಬ್ಬರ ನಡುವೆ ಇಂಥ ಮಾತು ನಡೆಯುತ್ತವೆ. ವೇದಿಕೆಯ ಮೇಲೆ ನಡೆದರೆ ಯಾರಾದರೂ ಠಾಣೆಗೆ ದೂರು ಕೊಟ್ಟಾರು.

ಪ್ರಸಾದದ ಸಂಗತಿ ಇನ್ನೂ ಸೂಕ್ಷ್ಮವಾಗಿತ್ತು. ದೇವರಿಗೆ ನೈವೇದ್ಯ ತೋರಿಸಿದ ಅನ್ನವನ್ನು ಅವನು ಉಣ್ಣುವುದಿಲ್ಲ. ನೈವೇದ್ಯಕ್ಕೆ ಮೊದಲು ಅಡುಗೆಯಿಂದ ತೆಗೆದು ಬಡಿಸಿದರೆ ಅವ್ವನ ಮೀಸಲು ಮುರಿಯುತ್ತದೆ. ಹೋಳಿಗೆಗೆ ಕರೆದರೆ ಅವನು ಏನಾದರೊಂದು ನೆಪ ಹೇಳುತ್ತಿದ್ದ, ಅವ್ವ ಒಳಗೊಳಗೇ ನೊಂದುಕೊಳ್ಳುತ್ತಿದ್ದಳು. ಕೊನೆಗೆ ಒಂದು ಯುಗಾದಿಗೆ ಅವ್ವನೇ ಅವನನ್ನು ಕೂರಿಸಿಕೊಂಡು ನೇರವಾಗಿ ಕೇಳಿದಳು: ‘ನಿನಗೆ ಬೇಡವಾದದ್ದು ನನ್ನ ಕೈಯ ಅಡುಗೆಯೋ, ದೇವರ ಮುಂದೆ ಇಟ್ಟದ್ದೋ?’ ಅವನು ಸಂಕೋಚದಿಂದಲೇ, ದೇವರ ಮುಂದೆ ಇಟ್ಟದ್ದು ಎಂದ. ‘ಅಷ್ಟೇ ತಾನೇ?’ ಅವ್ವನ ಪದ್ಧತಿಯಲ್ಲಿ ನೈವೇದ್ಯದ ಎಡೆ ದೇವರ ಜಗುಲಿಯಿಂದ ಬಂದ ಮೇಲೆ ಅದರಿಂದ ಒಂದು ತುತ್ತನ್ನು ಉಳಿದ ಅಡುಗೆಗೆ ಬೆರೆಸುತ್ತಿದ್ದಳು. ಹಾಗೆ ಬೆರೆಸಿದರೆ ಎಲ್ಲವೂ ಪ್ರಸಾದ. ಆ ದಿನದಿಂದ ಒಂದು ಡಬ್ಬಿಗೆ ಬೆರೆಸುವುದನ್ನು ನಿಲ್ಲಿಸಿದಳು. ಮೊದಲ ಪಾಲು ದೇವರಿಗೇ ಹೋಯಿತು, ಅವನ ಡಬ್ಬಿಯೊಳಗೆ ದೇವರು ಇಳಿಯಲಿಲ್ಲ. ರಂಜಾನಿಗೆ ಅವನ ಮನೆಯಿಂದ ಶ್ಯಾವಿಗೆಯ ಸುರಕುಂಬಾ ಬರುವಾಗಲೂ ಅಷ್ಟೇ ಜಾಗ್ರತೆ: ಮಾಂಸ ಬೇಯಿಸದ ಪಾತ್ರೆಯನ್ನು ಅವನ ಹೆಂಡತಿ ಬೇರೆಯೇ ಇಟ್ಟಿದ್ದಾಳೆ.

‘ಎಲ್ಲ ಒಂದೇ, ತಿನ್ನಪ್ಪ’ ಎಂದಿದ್ದರೆ ಈ ಡಬ್ಬಿ ಹುಟ್ಟುತ್ತಿರಲಿಲ್ಲ. ಅವನು ಮುಲಾಜಿಗೆ ನುಂಗುತ್ತಿದ್ದ ಅಥವಾ ಮನೆಗೆ ಬರುವುದನ್ನೇ ಬಿಡುತ್ತಿದ್ದ.

ಹಾಗಂತ ಕಂಡ ಕಂಡವರನ್ನು ನಿಲ್ಲಿಸಿ ನಂಬಿಕೆಯ ಬಗ್ಗೆ ಕೇಳಿ ಎಂದು ನಾನು ಹೇಳುತ್ತಿಲ್ಲ. ಈಗ ನಡೆಯುವ ವಿಚಾರಣೆ ಸಾಕಷ್ಟಿದೆ. ಎಲ್ಲಿಯೋ ಬಾಂಬು ಸಿಡಿದರೆ ಮರುದಿನ ಕಚೇರಿಯಲ್ಲಿ ಗೆಳೆಯನ ಕಡೆ ತಿರುಗುವ ಕಣ್ಣುಗಳನ್ನು ನೋಡಿದ್ದೇನೆ. ‘ನಿಮ್ಮವರು ಯಾಕೆ ಖಂಡಿಸುವುದಿಲ್ಲ’ ಎಂಬ ಪ್ರಶ್ನೆಯನ್ನು ಅವನು ಒಂದೇ ಸವನೆ ಕೇಳಿಸಿಕೊಂಡು ಬಂದಿದ್ದಾನೆ. ಅದು ಪ್ರಶ್ನೆಯ ವೇಷ ಹಾಕಿದ ತೀರ್ಪು. ಅವ್ವ ಕೇಳಿದ್ದರ ಹಿಂದೆ ಒಂದು ಹೋಳಿಗೆ ಇತ್ತು, ಅವನಿಗೆ ಅದನ್ನು ತಿನ್ನಿಸಲೇಬೇಕೆಂಬ ಹಟವಿತ್ತು. ಅಂಥ ಹಟ ಇಲ್ಲದವರು ಕೇಳದಿರುವುದೇ ಒಳ್ಳೆಯದು.

ಎಲ್ಲವೂ ಬಗೆಹರಿದಿದೆ ಎಂದು ತಿಳಿಯಬೇಡಿ. ಹೋದ ಸಲ ಅವನ ಮಗಳು ಕತಲ್ ರಾತ್ರಿಯ ಕುಣಿ ನೋಡಬೇಕೆಂದು ಹಟ ಹಿಡಿದಳು. ನನ್ನ ಮಗಳ ಜೊತೆ ಕಳಿಸಲು ಒಪ್ಪಿದ, ಒಂದೇ ಷರತ್ತು: ನೋಡಲಿ, ಕೈ ಮುಗಿಯಬಾರದು. ಅವ್ವನಿಗೆ ಇದು ಸರಿಬರಲಿಲ್ಲ. ‘ದೇವರ ಮುಂದೆ ಹಾಗೆ ಕಂಬದಂತೆ ನಿಲ್ಲುವುದಾದರೆ ಯಾಕೆ ಬರಬೇಕು?’ ಎಂದಳು. ಅದು ದೇವರಲ್ಲ ಎಂದು ಅವನು, ನಿನಗಲ್ಲದಿದ್ದರೆ ನನಗೆ ಎಂದು ಅವ್ವ. ಹುಡುಗಿಯರು ಅಷ್ಟರಲ್ಲಿ ಹೋಗಿ, ಹುಲಿವೇಷದವನ ಬಾಲ ಎಳೆದು ಬೈಸಿಕೊಂಡು ಬಂದಿದ್ದರು. ವಾದ ಈ ವರ್ಷಕ್ಕೂ ಮುಂದುವರಿಯುತ್ತದೆ. ಅವ್ವ ಹೊಸ ಅಂಶವೊಂದು ಹೊಳೆದಿದೆ ಎನ್ನುತ್ತಿದ್ದಾಳೆ, ನನಗೆ ಮಾತ್ರ ಹೇಳುತ್ತಿಲ್ಲ.