ಆ ಟವೆಲ್ ಎಳೆಯಬೇಡಿ ಸ್ವಾಮಿ

ಇವತ್ತು ದಾವಣಗೆರೆಯ ಕೋರ್ಟ್ ಆವರಣದಲ್ಲಿ ಕಂಡದ್ದನ್ನು ಬರೆಯದಿದ್ದರೆ ರಾತ್ರಿಯ ಊಟ ಸೇರುವುದಿಲ್ಲ. ಕೊಲೆ ಪ್ರಕರಣವೊಂದರ ಇಬ್ಬರು ಆರೋಪಿಗಳನ್ನು ಪೊಲೀಸರು ಜೀಪಿನಿಂದ ಇಳಿಸಿದರು. ಇಬ್ಬರ ಮುಖಕ್ಕೂ ಚೌಕುಳಿ ಟವೆಲ್ ಸುತ್ತಿತ್ತು. ಮೆಟ್ಟಿಲ ಬಳಿ ನಿಂತಿದ್ದ ಒಬ್ಬ ಪುಣ್ಯಾತ್ಮ ಕೈ ಚಾಚಿ ಒಬ್ಬನ ಟವೆಲ್ ಎಳೆದೇ ಬಿಟ್ಟ. ಸುತ್ತಲೂ ಮೊಬೈಲುಗಳು ಮೇಲೆದ್ದವು. ಪೇದೆ ಮತ್ತೆ ಮುಖ ಮುಚ್ಚುವಷ್ಟರಲ್ಲಿ ಎಲ್ಲರಿಗೂ ಬೇಕಾದದ್ದು ಸಿಕ್ಕಿತ್ತು. 'ಕೊಲೆಗಡುಕನಿಗೆ ಇದೆಂಥ ಮರ್ಯಾದೆ ರೀ' ಎಂದು ಹಿಂದಿನಿಂದ ಯಾರೋ ಗೊಣಗಿದರು. ಸಂಜೆಯ ಹೊತ್ತಿಗೆ ಆ ಮುಖ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿತು, ಕೆಂಪು ವೃತ್ತ ಹಾಕಿಸಿಕೊಂಡು, 'ಎಲ್ಲರಿಗೂ ಕಳುಹಿಸಿ' ಎಂಬ ಅಪ್ಪಣೆಯ ಸಮೇತ.

ಆ ಟವೆಲ್ ಆರೋಪಿಯ ಮಾನ ಮುಚ್ಚಲು ಹಾಕಿದ್ದಲ್ಲ. ಸತ್ತವನ ಮನೆಯವರ ಕೇಸು ಉಳಿಯಲಿ ಎಂದು ಹಾಕಿದ್ದು.

ರಾತ್ರಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸೊಬ್ಬಳು ಬೀದಿದೀಪದ ಬೆಳಕಿನಲ್ಲಿ ಕೊಲೆಯನ್ನು ಕಂಡಳು ಎಂದಿಟ್ಟುಕೊಳ್ಳಿ. ಚಾಕು ಹಾಕಿದವನು ಅವಳಿಗೆ ಅಪರಿಚಿತ. ಇಡೀ ಕೇಸಿಗೆ ಅವಳೊಬ್ಬಳೇ ಪ್ರತ್ಯಕ್ಷದರ್ಶಿ. ಒಬ್ಬಳೇ ಸಾಕು, ಇಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಹೇಳುವುದಿಲ್ಲ. ತಲೆ ಎಣಿಸುವುದಕ್ಕಿಂತ ಮಾತಿನ ತೂಕ ನೋಡಬೇಕು ಎಂಬುದು ಸುಪ್ರೀಂ ಕೋರ್ಟಿನ 1957ರ ವಡಿವೇಲು ತೇವರ್ ಪ್ರಕರಣದಿಂದ ನಡೆದು ಬಂದಿರುವ ಮಾತು. ಆದರೆ ಆ ಒಬ್ಬಳು 'ಇವನೇ' ಎಂದದ್ದು ನಿಲ್ಲಬೇಕಲ್ಲ. ಅದಕ್ಕೇ ಜೈಲಿನಲ್ಲಿ ಗುರುತು ಪತ್ತೆ ಪರೇಡ್ ನಡೆಸುತ್ತಾರೆ. ತಹಶೀಲ್ದಾರರ ಎದುರು ಅವನದೇ ವಯಸ್ಸು, ಅವನದೇ ಮೈಕಟ್ಟಿನವರ ಸಾಲಿನಲ್ಲಿ ಆರೋಪಿಯನ್ನು ನಿಲ್ಲಿಸುತ್ತಾರೆ. ಅವನು ತನಗೆ ಬೇಕಾದ ಜಾಗದಲ್ಲಿ ನಿಲ್ಲಬಹುದು, ಅಂಗಿ ಬದಲಾಯಿಸಬಹುದು. ಅವನ ಕೆನ್ನೆಯ ಮೇಲೆ ಗಾಯದ ಗುರುತಿದ್ದರೆ ಸಾಲಿನಲ್ಲಿರುವ ಎಲ್ಲರ ಕೆನ್ನೆಗೂ ಕಾಗದದ ತುಂಡು ಅಂಟಿಸುವುದುಂಟು. ಪೊಲೀಸರು ಆ ಕಡೆ ತಲೆ ಹಾಕುವಂತಿಲ್ಲ. ಇಷ್ಟೆಲ್ಲ ಕಸರತ್ತು ಆಕೆ ಅವನ ಮುಖವನ್ನು ಆ ರಾತ್ರಿ ಬಿಟ್ಟರೆ ಮತ್ತೆಲ್ಲೂ ನೋಡಿಲ್ಲ ಎಂದು ಖಾತ್ರಿಪಡಿಸಿಕೊಳ್ಳಲು.

ನೀವು ಆ ಮುಖವನ್ನು ಸಂಜೆಯೊಳಗೆ ಅವಳ ಮೊಬೈಲಿಗೇ ಕಳುಹಿಸಿಬಿಟ್ಟಿರಿ.

ಮುಂದಿನದು ನನ್ನಂಥವರ ಕೆಲಸ. ನಾನು ಆರೋಪಿಗಳ ಪರ ವಕಾಲತ್ತು ಹಾಕುವವನು ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತಿದೆ. ಪಾಟೀ ಸವಾಲಿನಲ್ಲಿ ನಾನು ಬಹಳ ಮೆತ್ತಗೆ ಕೇಳುತ್ತೇನೆ: 'ಅಮ್ಮಾ, ಪರೇಡಿಗೆ ಮೊದಲು ಇವರ ಫೋಟೋವನ್ನು ಮೊಬೈಲಿನಲ್ಲಿ ನೋಡಿದ್ದಿರಲ್ಲವೇ?' ಸುಳ್ಳು ಹೇಳಲು ಬಾರದ ಆಕೆ 'ಹೌದು ಸ್ವಾಮಿ, ಊರೆಲ್ಲ ನೋಡಿತ್ತು' ಎನ್ನುತ್ತಾಳೆ. ನಾನು ಕುಳಿತುಕೊಳ್ಳುತ್ತೇನೆ. ಅವಳು ಕಂಡದ್ದು ನಿಜವೇ ಇರಬಹುದು. ಆದರೆ ಅವಳು ಗುರುತಿಸಿದ್ದು ಆ ರಾತ್ರಿಯ ಮುಖವನ್ನೋ ವಾಟ್ಸ್‌ಆ್ಯಪ್ ಮುಖವನ್ನೋ ಎಂದು ಇನ್ನು ಯಾರೂ ಬಿಡಿಸಿ ಹೇಳಲಾರರು. ಬೇರೆ ಪುರಾವೆ ಇಲ್ಲದಿದ್ದರೆ ಸಂಶಯದ ಲಾಭ ನನ್ನ ಕಕ್ಷಿದಾರನಿಗೆ. ನಿಜ ಹೇಳಬೇಕೆಂದರೆ ವಿಡಿಯೋ ಹಂಚುವವರೇ ನನ್ನ ಅನ್ನದಾತರು. ಆದರೂ ಹೊಟ್ಟೆ ಉರಿಯುತ್ತದೆ, ಏನು ಮಾಡಲಿ? ಸತ್ತವನ ತಾಯಿ ತೀರ್ಪಿನ ದಿನ ಅದೇ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾಳೆ, ನಾನು ಅವಳ ಮುಂದೆಯೇ ಹೊರಗೆ ಹೋಗಬೇಕು.

'ಪರೇಡ್ ಇಲ್ಲದೆಯೂ ಶಿಕ್ಷೆಯಾಗುತ್ತದಲ್ಲ ಸರ್' ಎಂದು ನಮ್ಮ ಕಿರಿಯರೊಬ್ಬರು ಮಧ್ಯಾಹ್ನವೇ ತಕರಾರು ತೆಗೆದರು. ಆಗುತ್ತದೆ, ಇಲ್ಲ ಎಂದವರಾರು? ಪಕ್ಕದ ಮನೆಯವನೇ ಕೊಂದಿದ್ದರೆ ಪರೇಡಿನ ಮಾತೇ ಬರುವುದಿಲ್ಲ. ಪರೇಡ್ ಮೂಲ ಸಾಕ್ಷ್ಯವಲ್ಲ, ಸಾಕ್ಷಿ ನ್ಯಾಯಾಲಯದಲ್ಲಿ ನಿಂತು ಗುರುತಿಸುವುದೇ ಮೂಲ ಎಂದು 2003ರಲ್ಲಿ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ 1979ರ ಕಣ್ಣನ್ ಪ್ರಕರಣವನ್ನೂ ಓದಿಕೊಳ್ಳಿ ತಮ್ಮಾ: ಅಪರಿಚಿತನನ್ನು ಪರೇಡಿಲ್ಲದೆ ಮೊದಲ ಸಲ ಕಟಕಟೆಯಲ್ಲಿ ತೋರಿಸಿದರೆ ಆ ಮಾತಿಗೆ ಬೆಲೆಯಿಲ್ಲ ಎಂದಿತ್ತು ಅದೇ ನ್ಯಾಯಾಲಯ. ಕಟಕಟೆಯಲ್ಲಿ ನಿಂತಿರುವುದು ಆರೋಪಿಯೇ ಎಂದು ಯಾರು ಬೇಕಾದರೂ ಊಹಿಸಬಹುದು. ಇನ್ನು 'ಜನರಿಗೆ ತಿಳಿಯುವ ಹಕ್ಕಿದೆ' ಎನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಹೆಸರು, ಊರು, ಕಾರಣ ಎಲ್ಲ ತಿಳಿದುಕೊಳ್ಳಿ. ಮೂಗು ಎಷ್ಟುದ್ದ ಇದೆ ಎಂದು ತಿಳಿದು ಯಾವ ಉಪಕಾರವಾಗಬೇಕಿದೆ?

ಜನರನ್ನಷ್ಟೇ ಏಕೆ ಬೈಯಲಿ? ಮೇಜಿನ ಮೇಲೆ ಮಚ್ಚುಗಳನ್ನು ಜೋಡಿಸಿ, ಹಿಂದೆ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಖಾಕಿಯವರನ್ನೂ ಕಂಡಿದ್ದೇನೆ. ಆಮೇಲೆ ಅದೇ ಇಲಾಖೆ ಪರೇಡ್ ನಡೆಸಿ ಎಂದು ತಹಶೀಲ್ದಾರರಿಗೆ ಪತ್ರ ಬರೆಯುತ್ತದೆ. ಎಂಥ ಶಿಸ್ತು!

ಕೇಸು ಬಿದ್ದುಹೋದ ದಿನ 'ದುಡ್ಡಿದ್ದವನಿಗೇ ನ್ಯಾಯ' ಎಂದು ಇದೇ ಗೋಡೆಯ ಮೇಲೆ ಬರೆಯಲು ನೀವೇ ಬರುತ್ತೀರಿ. ದಯವಿಟ್ಟು ಅಂದು ನನ್ನನ್ನು ಟ್ಯಾಗ್ ಮಾಡಬೇಡಿ. ನಾನು ಫೀಸು ಎಣಿಸುತ್ತಿರುತ್ತೇನೆ.